ಕೈಗೆ ಗೊತ್ತಾಗದ ಮೆಷಿನ್

"ಮೇಡಂ, ಮೆಷಿನ್‌ನಲ್ಲಿ ಏನೂ ದೋಷ ಇಲ್ಲ... ಸ್ವಲ್ಪ ಕಣ್ಣು ಬಿಟ್ಟು ನೋಡಿ!"

ಚನ್ನವೀರಪ್ಪನವರು ಫೋನ್ ಕುಕ್ಕಿದರು.

ದಾವಣಗೆರೆಯಲ್ಲಿ ಅವರದು ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿ. ಹಿಂದಿನ ವಾರ ಒಬ್ಬರು ಹೊಸ ವಾಷಿಂಗ್ ಮೆಷಿನ್ ಒಯ್ದಿದ್ದರು. ಈಗ ಅವರ ಹೆಂಡತಿಯ ಫೋನ್ ಮೇಲೆ ಫೋನ್...

"ಆನ್ ಆಯ್ತೋ ಇಲ್ಲವೋ ಗೊತ್ತಾಗ್ತಿಲ್ಲ ಸಾರ್." ಬರೀ ಇದೇ ಮಾತು!

ಮೆಕ್ಯಾನಿಕ್ ರಜೆ ಹಾಕಿದ್ದ. ತಾವೇ ಸ್ಕೂಟರ್ ಹತ್ತಿದರು. ದಾರಿಯುದ್ದಕ್ಕೂ ಗೊಣಗಾಟ... "ಒಂದು ಬಟನ್ ಒತ್ತೋಕೆ ಬರಲ್ವಾ ಈ ಜನಕ್ಕೆ?"

ಬಾಗಿಲು ತೆರೆದವರು ಪ್ರಮೀಳಾ ಟೀಚರ್. ಓಣಿಯ ಮಕ್ಕಳಿಗೆ ಸಂಗೀತ ಹೇಳಿಕೊಡುವವರು. "ಬನ್ನಿ ಸಾರ್" ಎನ್ನುತ್ತಾ ಗೋಡೆ ಸವರಿಕೊಂಡು ಒಳಗೆ ನಡೆದರು.

ಚನ್ನವೀರಪ್ಪನವರು ಹೊಸ್ತಿಲಲ್ಲೇ ನಿಂತುಬಿಟ್ಟರು.

ಟೀಚರ್‌ಗೆ ಕಣ್ಣು ಕಾಣುತ್ತಿರಲಿಲ್ಲ...

"ಮೇಡಂ, ಫೋನಲ್ಲಿ ನಾನು... ನನಗೆ ಗೊತ್ತಿರಲಿಲ್ಲ..."

"ಬಿಡಿ ಸಾರ್, ತಪ್ಪು ನಂದೇ. ಹಳೇ ಮೆಷಿನ್‌ಗೆ ತಿರುಗಿಸೋ ಗುಂಡಿ ಇತ್ತು. ಟಕ್ ಟಕ್ ಅಂತ ಕೈಗೇ ಗೊತ್ತಾಗೋದು. ಇದು ಎಲ್ಲಿ ಮುಟ್ಟಿದ್ರೂ ಬರೀ ನುಣ್ಣಗೆ... ಕಂಪನಿಗೆ ಫೋನ್ ಮಾಡಿದ್ರೆ, 'ಸ್ಕ್ರೀನ್ ಮೇಲೆ ಏನು ಬರ್ತಿದೆ ಹೇಳಿ ಮೇಡಂ' ಅಂದ್ರು."

ಟೀಚರ್ ದನಿ ತಗ್ಗಿತು. "ಯಜಮಾನರು ಬಸ್ ಡ್ಯೂಟಿಗೆ ಹೋದ್ರೆ ಮಾರನೇ ದಿನವೇ ಬರೋದು. ಪಕ್ಕದ ಮನೆಯವರನ್ನ ಕರೀಬಹುದು... ಆದ್ರೆ ನನ್ನ ಒಳಬಟ್ಟೆ ಒಗೆಯೋಕೂ ಇನ್ನೊಬ್ಬರನ್ನ ಕರೀಬೇಕಾ ಸಾರ್?"

ಚನ್ನವೀರಪ್ಪನವರು ಮೆಷಿನ್ ಮುಂದೆ ನಿಂತು ತಾವೂ ಕಣ್ಣು ಮುಚ್ಚಿಕೊಂಡರು. ತಡಕಾಡಿ ಒತ್ತಿದರು.

ಬೀಪ್...

ಶುರುವಾಯಿತೋ? ನಿಂತಿತೋ? ಇನ್ನೊಮ್ಮೆ ಒತ್ತಿದರು. ಅದೇ ಬೀಪ್! ಮತ್ತೊಂದು ಕಡೆ... ಅಲ್ಲೂ ಅದೇ!

ಸಿಟ್ಟು ನೆತ್ತಿಗೇರಿತು. ಆದರೆ ಈ ಸಲ ಗಿರಾಕಿಯ ಮೇಲಲ್ಲ.

ಅಲ್ಲಿಂದಲೇ ಕಂಪನಿಯ ಮ್ಯಾನೇಜರ್‌ಗೆ ಫೋನ್ ಹಚ್ಚಿದರು. "ಕಣ್ಣು ಕಾಣದವರು ಈ ಮೆಷಿನ್ ಹೇಗ್ರೀ ಬಳಸೋದು?"

"ಅಂಥ ಕಸ್ಟಮರ್ ಎಲ್ಲೋ ಒಬ್ರು ಸಾರ್... ಗುಂಡಿ ಇಟ್ರೆ ಲುಕ್ ಇರಲ್ಲ" ಎಂದ ಆತ.

"ಲುಕ್ ಕಟ್ಕೊಂಡು ಬಟ್ಟೆ ಒಗೀತೀರೇನ್ರೀ?"

ಅಂದು ಸಂಜೆ ಗೋಡೌನ್ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಯಾರೂ ಕೇಳದ ಗುಂಡಿಯ ಮೆಷಿನ್ ಟೀಚರ್ ಮನೆಗೆ ಬಂತು. ಹೊಸದನ್ನು ಚನ್ನವೀರಪ್ಪನವರು ವಾಪಸ್ ಪಡೆದರು.

ಟೀಚರ್ ಬೆರಳು ಗುಂಡಿ ಹುಡುಕಿತು. ತಿರುಗಿಸಿದರು... ಒಳಗೆ ಸೊಯ್ಯೆಂದು ನೀರು ಬಿದ್ದ ಸದ್ದು. ಮೆಷಿನ್ ಮೇಲೆ ಕೈಯಿಟ್ಟು ಹಾಗೇ ನಿಂತರು. ಕೆನ್ನೆ ಒದ್ದೆಯಾಗಿತ್ತು, ಮುಖದಲ್ಲಿ ನಗು.

"ಟೀಚರ್, ಒಗೆದು ಮುಗಿಯೋವರೆಗೂ ಇಲ್ಲೇ ಇರ್ಲಾ?" ಕೇಳಿದರು ಚನ್ನವೀರಪ್ಪನವರು.

"ಬೇಡ ಸಾರ್, ನೀವು ಹೊರಡಿ... ಇನ್ನು ನಾನೇ ನೋಡ್ಕೋತೀನಿ."

ಆ ಮಾತಿಗೆ ಚನ್ನವೀರಪ್ಪನವರ ಕಣ್ಣು ತುಂಬಿ ಬಂತು. ಸ್ಕೂಟರ್ ಸ್ಟಾರ್ಟ್ ಮಾಡಲು ಸ್ವಲ್ಪ ಹೊತ್ತೇ ಹಿಡಿಯಿತು...

*ವಸ್ತು ಬಳಸೋಕೆ ಬಾರದಿದ್ದರೆ ಬಳಸುವವರು ದಡ್ಡರಲ್ಲ... ಅವರನ್ನು ನೆನೆಯದೆ ಅದನ್ನು ಮಾಡಿದ್ದೇ ತಪ್ಪು.*

ನಿಮ್ಮ ಮನೆಯಲ್ಲಿ ಯಾರಾದರೂ "ನನಗಿದು ಬರಲ್ಲ ಬಿಡು" ಅಂದಾಗ... ನೀವು ರೇಗಿದ್ದು ಅವರ ಮೇಲೋ, ಆ ವಸ್ತುವಿನ ಮೇಲೋ?