ಬಡಕಲು ಮೀನು

ಬಲೆಯಲ್ಲಿ ವಿಲವಿಲ ಒದ್ದಾಡುತ್ತಿದ್ದ ಗೆಂಡೆ ಮೀನನ್ನು ಹೋಟೆಲಿನ ಒಡತಿ ಮೇಜಿನ ಹತ್ತಿರಕ್ಕೇ ತಂದು ಹಿಡಿದಳು. “ನೋಡಿ ಯಜಮಾನ್ರೇ, ಜೀವಂತ ಮೀನು. ಕೊಯ್ಯಿಸ್ಲಾ?” ಚೀನಾದ ಚೆಂಗ್ಡುವಿನಲ್ಲಿ ಗಿರಾಕಿ ಹೂಂ ಎಂದಮೇಲೇ ಮೀನು ಅಡುಗೆಮನೆಗೆ ಹೋಗುವುದು. ರಾದಿಮ್ ಮೀನನ್ನೇ ನೋಡುತ್ತ ಕೂತ.

ಎದುರಿಗೆ ಕೂತಿದ್ದ ತಂಗಿ ಬ್ಲಾಂಕಾ ಮುಖ ತಿರುಗಿಸಿದಳು. ಅಪ್ಪ ತೀರಿಕೊಂಡ ಮೇಲೆ ಇದು ಮೊದಲ ಕ್ರಿಸ್‌ಮಸ್. ಅವನಿಲ್ಲದ ಮನೆ ಬೇಡವೆಂದೇ ಇಬ್ಬರೂ ಪ್ರಾಗ್ ಬಿಟ್ಟು ಇಷ್ಟು ದೂರ ಬಂದಿದ್ದರು. ಪ್ರತಿ ವರ್ಷ ಅಪ್ಪ ಹಬ್ಬದೂಟಕ್ಕೆಂದು ಜೀವಂತ ಗೆಂಡೆ ತಂದು ಸ್ನಾನದ ತೊಟ್ಟಿಯಲ್ಲಿ ಬಿಡುತ್ತಿದ್ದ. ಮಕ್ಕಳು ಅದಕ್ಕೆ ಹೆಸರಿಟ್ಟು ಮಾತಾಡಿಸುತ್ತಿದ್ದರು. ಹಬ್ಬದ ದಿನ ಚಾಕು ಹಿಡಿದು ಬಚ್ಚಲಿಗೆ ಹೋದ ಅಪ್ಪ ಹಾಗೇ ಹೊರಗೆ ಬಂದು, “ತೀರಾ ಬಡಕಲು ಕಣ್ರೋ,” ಎಂದು ಅದನ್ನು ನದಿಗೆ ಬಿಟ್ಟು ಬರುತ್ತಿದ್ದ. “ನೆಟ್ಟಗೆ ಒಂದು ಮೀನು ಆರಿಸೋಕೂ ಬರಲ್ಲ ಇವರಿಗೆ,” ಎಂದು ಅಮ್ಮ ಗೊಣಗುತ್ತ ಆಲೂಗಡ್ಡೆ ಬೇಯಿಸುತ್ತಿದ್ದಳು. ಆ ಮಾತನ್ನೇ ನಂಬಿಕೊಂಡು ಮಕ್ಕಳಿಬ್ಬರ ತಲೆಯೂ ನರೆತಿತ್ತು.

ಮೀನು ಬಾಯಿ ತೆರೆದು ಮುಚ್ಚಿತು. ರಾದಿಮ್ ತನ್ನ ಹರಕುಮುರುಕು ಚೀನೀ ಭಾಷೆಯಲ್ಲಿ ತಡವರಿಸಿದ: “ಬೇಡಮ್ಮಾ... ತೀರಾ ಬಡಕಲು.”

“ಇದು ಬಡಕಲಾ! ಕಣ್ಣು ಕಾಣ್ಸುತ್ತಾ ನಿಮ್ಗೆ? ನನ್ ಮೊಮ್ಮಗನ ಗಾತ್ರ ಇದೆ!” ಒಡತಿ ರೇಗಿ, ಮೀನನ್ನು ಮತ್ತೆ ತೊಟ್ಟಿಯ ನೀರಿಗೆ ಕೊಡವಿದಳು.

ಬ್ಲಾಂಕಾ ತಟ್ಟನೆ ಅಣ್ಣನ ಕೈ ಹಿಡಿದುಕೊಂಡಳು. “ರಾದಿಮ್, ಅಪ್ಪ ತರ್ತಿದ್ದ ಮೀನು ಒಂದಾದ್ರೂ ಬಡಕಲಾಗಿತ್ತಾ, ಹೇಳೋ?”