ಅಂಚಿನಲ್ಲಿದ್ದ ಪಾಸ್‌ವರ್ಡ್

"ಇನ್ನೂ ಓದಕ್ಕಾಗ್ಲಿಲ್ವೇನ್ರೀ?" ಮಹಡಿಯ ಕಿಟಕಿಯಿಂದ ಮಯಾಸಾ ಕೂಗಿದಳು. ಕೆಳಗೆ ವರಾಂಡದಲ್ಲಿ ಅವಳ ಗಂಡ ಬಕಾರಿ, ತೆರೆದ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ವಸತಿಗೃಹದ ಒಡತಿ ಜುಹೂರಾಳ ಬೆನ್ನ ಹಿಂದೆ ಬಗ್ಗಿ ನಿಂತಿದ್ದ.

"ಒಂದ್ನಿಮಿಷ ಕಣೇ! ಕೊನೇ ನಾಲ್ಕಕ್ಷರ ಮಡಿಕೇಲಿ ಸಿಕ್ಕೊಂಡಿವೆ!"

ಆ ವಸತಿಗೃಹದ ಪದ್ಧತಿಯೇ ಹಾಗಿತ್ತು. ಜಾಂಜಿಬಾರಿನಿಂದ ಮೊಂಬಾಸಾವರೆಗೂ ಹೆಂಗಸರು ಸೊಂಟಕ್ಕೆ ಸುತ್ತುವ ಕಂಗಾ ಬಟ್ಟೆಯ ಅಂಚಿನಲ್ಲಿ ಒಂದು ಸಾಲು ಮಾತು ಅಚ್ಚಾಗಿರುತ್ತದೆ. ಉಟ್ಟಾಗ ಅದು ಹಿಂಬದಿಗೆ ಬರುತ್ತದೆ. ಬಾಯಿಬಿಟ್ಟು ಆಡಲಾಗದ್ದನ್ನು ಹೆಂಗಸರು ಆ ಸಾಲಿನಿಂದಲೇ ಆಡಿ ಮುಗಿಸುತ್ತಾರೆ. ಜುಹೂರಾ ತಾನು ಅಂದು ಉಟ್ಟ ಕಂಗಾದ ಸಾಲನ್ನೇ ಅಂದಿನ ವೈಫೈ ಪಾಸ್‌ವರ್ಡ್ ಮಾಡಿಬಿಡುತ್ತಿದ್ದಳು. ಬೀದಿಯವರೆಲ್ಲ ಬಿಟ್ಟಿಯಾಗಿ ಬಳಸಬಾರದಲ್ಲ! ಕೇಳಿದರೆ ಹೇಳುವುದಿಲ್ಲ, ಬೇಕಾದವರು ಓದಿಕೊಳ್ಳಬೇಕು.

ಮೊಂಬಾಸಾ ಬಂದರಿನ ಕಚೇರಿಯಲ್ಲಿ ಬಕಾರಿ ಗುಮಾಸ್ತ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲ ಸಲ ಹೆಂಡತಿಯನ್ನು ಗಡಿ ದಾಟಿಸಿ ಜಾಂಜಿಬಾರಿಗೆ ಕರೆತಂದಿದ್ದ. ದಿನಕ್ಕೊಂದೇ ಗಂಟೆ ಕೆಲಸ ಎಂದು ಲ್ಯಾಪ್‌ಟಾಪನ್ನೂ ಹೊತ್ತು ತಂದಿದ್ದ. ಗಡಿ ದಾಟಿದೊಡನೆ ಫೋನು ಮೂಕವಾಗಿದ್ದರಿಂದ ವೈಫೈ ಒಂದೇ ಗತಿ. ಮೂರು ದಿನದಿಂದ ಎದ್ದು ಮುಖ ತೊಳೆಯುವ ಮೊದಲೇ ಕೆಳಗೆ ಓಡುತ್ತಿದ್ದ. ಈ ಪ್ರವಾಸದಲ್ಲಿ ಮಯಾಸಾಗೆ ಬೇಕಿದ್ದುದು ಒಂದೇ, ಗಂಡ ತನ್ನನ್ನು ಒಮ್ಮೆ ಸರಿಯಾಗಿ ನೋಡಬೇಕು. ಅವನೋ ದಿನಾ ಬೆಳಗ್ಗೆ ಇನ್ನೊಬ್ಬಳ ಹಿಂಬದಿಯನ್ನು ಅಕ್ಷರ ಅಕ್ಷರವಾಗಿ ನೋಡುತ್ತಿದ್ದ. ಇವತ್ತು ತಡೆಯಲಾರದೆ ಅವಳು ದಡದಡನೆ ಮೆಟ್ಟಿಲಿಳಿದು ಬಂದಳು.

"ಬಾ ತಂಗಿ, ಚಹಾ ಕುಡಿ," ಎಂದು ಜುಹೂರಾ ಕರಿದ ಬಿಸಿ ಮಂದಾಜಿಯ ತಟ್ಟೆಯನ್ನು ಅವಳ ಮುಂದೆ ಸರಿಸಿದಳು. "ಅಣ್ಣಂಗೆ ಓದೋದು ಬಲು ನಿಧಾನ. ಅಲ್ಲಿ ಕೂತಿರೋರೆಲ್ಲ ಒಂದೇ ಸಲಕ್ಕೆ ಓದ್ಕೊಂಡು ಹೋದ್ರು."

"ನಿಧಾನ ಏನಿಲ್ಲ ಜುಹೂರಾ ಅವ್ರೇ, ಶ್ರದ್ಧೆ ಜಾಸ್ತಿ," ಎಂದಳು ಮಯಾಸಾ. ಅವಳ ಕಣ್ಣೂ ಆ ಅಂಚಿನತ್ತ ಹೋಯಿತು. 'ಉರಿಯುವವರು ಉರಿಯಲಿ' ಎಂದಿತ್ತು. ತನಗೆಂದೇ ಉಟ್ಟಿದ್ದಾಳೆ ಎಂದು ಅವಳಿಗೆ ಖಾತ್ರಿಯಾಯಿತು.

"ರೀ, ನಿನ್ನೆ ನಾನುಟ್ಟ ಕಂಗಾದ ಮೇಲೆ ಏನು ಬರ್ದಿತ್ತು?"

ಬಕಾರಿ ತಲೆಯೆತ್ತಲಿಲ್ಲ. "ಹಸಿರು... ಹಸಿರು ತಾನೆ?"

"ಮೊನ್ನೇದು?"

"ಅದೇ, ಗೋಡಂಬಿ ಚಿತ್ರದ್ದು."

"ಬರ್ದಿದ್ದೇನು ಅಂತ ಕೇಳ್ದೆ."

"ಮನೇಲಿರೋದನ್ನ ಯಾರು ಓದ್ತಾರೆ ಮಾರಾಯ್ತಿ!"

ಜುಹೂರಾಳ ನಗು ನಿಂತಿತು. ಮಯಾಸಾ ಮೇಲೆ ಹೋದಳು. ಚೀಲದೊಳಗಿನ ಬಟ್ಟೆಗಳಿಗೆ ಒಂದು ಕೆಂಪು ಕಂಗಾ ಸುತ್ತಿದ್ದಳು. ಹೊಸದಾಗಿದ್ದಾಗಿನಿಂದಲೂ ಅದನ್ನು ಗಂಟು ಕಟ್ಟಲು ಬಳಸಿದ್ದಳೇ ಹೊರತು ಒಮ್ಮೆಯೂ ಉಟ್ಟಿರಲಿಲ್ಲ. ಈಗ ಕೊಡವಿ, ಅಂಚಿನ ಅಕ್ಷರಗಳು ಒಂದೂ ಮಡಿಕೆಗೆ ಸಿಗದ ಹಾಗೆ ಬಿಗಿಯಾಗಿ ಉಟ್ಟು, ಕೆಳಗೆ ಬಂದು ಜುಹೂರಾಳಿಗೆ ಬೆನ್ನು ಮಾಡಿ ನಿಂತಳು.

ಜುಹೂರಾ ಓದಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಇದನ್ನೇ ಹಾಕ್ಲಾ?"

"ಹಾಕಿ ಅಕ್ಕ. ಇವತ್ತು ನಂದೇ ಇರ್ಲಿ."

ಜುಹೂರಾ ಒಳಗೆ ಹೋದ ಸ್ವಲ್ಪ ಹೊತ್ತಿಗೆ ವರಾಂಡದ ತುಂಬ ಗೊಣಗಾಟ ಎದ್ದಿತು. ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ ನಾಲ್ವರು ಗಂಡಸರ ವೈಫೈ ಸಂಪರ್ಕವೂ ಒಟ್ಟಿಗೇ ಕಡಿದುಹೋಗಿತ್ತು. "ಗಾಬರಿ ಬೇಡ, ಪಾಸ್‌ವರ್ಡ್ ಬದ್ಲಾಗಿದೆ," ಎಂದು ಜುಹೂರಾ ಬಾಗಿಲಿಂದಲೇ ಸಾರಿದಳು. "ಇವತ್ತು ಈ ತಂಗಿ ಹತ್ರ ಇದೆ. ಓದ್ಕೊಳ್ಳಿ."

ನಾಲ್ಕು ತಲೆಗಳು ಒಮ್ಮೆಲೇ ತಿರುಗಿದವು. ಕಂಪಾಲದಿಂದ ಬಂದಿದ್ದ ವ್ಯಾಪಾರಿ ಕನ್ನಡಕ ಏರಿಸಿಕೊಂಡ. ಜರ್ಮನಿಯ ಹುಡುಗನೊಬ್ಬ ಕತ್ತು ಚಾಚಿ, "ಸ್ವಲ್ಪ ನಿಧಾನ ನಡೀರಿ, ದಯವಿಟ್ಟು," ಎಂದ. ಅವಳು ನಿಧಾನವಾಗಿಯೇ ನಡೆದಳು. ವರಾಂಡದ ಆ ತುದಿಗೆ ಹೋಗಿ, ಮತ್ತೆ ಈ ತುದಿಗೆ ಬಂದಳು.

ಬಕಾರಿ ಧಡಕ್ಕನೆ ಎದ್ದ. "ಏಯ್, ಕೂತ್ಕೋ!"

"ಕೂತ್ರೆ ಅವರು ಹೇಗೆ ಓದ್ತಾರೆ ಪಾಪ?"

ಅವನಿಗೆ ಮೈಯೆಲ್ಲ ಉರಿದುಹೋಯಿತು. ತೆರೆದ ಲ್ಯಾಪ್‌ಟಾಪನ್ನೇ ಪರದೆಯಂತೆ ಅವಳ ಹಿಂದೆ ಹಿಡಿದು, ನಾಲ್ವರಿಗೂ ಅಡ್ಡಲಾಗಿ, ಅವಳ ಹೆಜ್ಜೆಗೆ ಹೆಜ್ಜೆ ಹಾಕತೊಡಗಿದ. ಅಷ್ಟು ಹತ್ತಿರದಲ್ಲಿ ಬಗ್ಗಿದ ಮೇಲೆ ಅಂಚಿನ ಸಾಲು ಅವನ ಕಣ್ಣಿಗೂ ಬಿತ್ತು. ಮದುವೆಯಾದಾಗಿನಿಂದ ಮೊದಲ ಬಾರಿಗೆ ಹೆಂಡತಿಯ ಕಂಗಾ ಓದಿದ.

'ನನ್ನ ಮನಸ್ಸಿನಲ್ಲಿರುವುದು ಬೇರೆಯವರು.'

ಇನ್ನೊಮ್ಮೆ ಓದಿದ. ಮುಖ ಕಪ್ಪಿಟ್ಟಿತು. ಹಿಂದಿನಿಂದ ಯಾರೋ "ಸಿಕ್ತು, ಸಿಕ್ತು!" ಎಂದು ಕೂಗಿದ್ದೂ ಅವನಿಗೆ ಕೇಳಿಸಲಿಲ್ಲ.

"ಇದನ್ನ ನಿಂಗೆ ಯಾರು ತಂದ್ಕೊಟ್ಟಿದ್ದು?" ಅವನು ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದ. "ಹೇಳೇ, ಯಾರವನು?"

ಮಯಾಸಾ ತಿರುಗಿ ನಿಂತಳು.

"ನೀವೇ. ಎಂಟು ವರ್ಷದ ಹಿಂದೆ, ಈದ್ ಹಬ್ಬಕ್ಕೆ. ಕೆಂಪು ಚೆನ್ನಾಗಿದೆ ಅಂತ ತಂದ್ರಿ."