ಸವತಿಯ ಬಿಲ್ಲೆ

ರೇವವ್ವ ಮತ್ತೆ ಆ ಬಿಲ್ಲೆಯನ್ನು ಬೋರಲು ಹಾಕಿದ್ದಳು.

ಡ್ಯೂಟಿ ಮುಗಿಸಿ ಮನೆಗೆ ಬಂದ ಸಿದ್ದರಾಯ ಮೊದಲು ನೋಡಿದ್ದು ಕಪಾಟನ್ನು. ಈ ವಾರದಲ್ಲಿ ಇದು ಮೂರನೆಯ ಸಲ. ಬಿಲ್ಲೆಯನ್ನು ತಿರುವಿ ಮುಖ ಮೇಲಾಗಿ ಇಟ್ಟ. ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಇಂಡಿಯಿಂದ ಸಿಂದಗಿ, ಬಾಗೇವಾಡಿ ಹಾದು ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿಗೆ ಅವನು ಕಂಡಕ್ಟರ್. ಬೀಡಿಯಿಲ್ಲ, ಎಲೆ ಅಡಿಕೆಯಿಲ್ಲ. ಇದ್ದ ಒಂದೇ ಚಟ ಹಳೆಯ ಸಾಮಾನಿನದು. ಡ್ರೈವರ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಇವನು ಗುಜರಿ ಅಂಗಡಿಯ ರಾಶಿಯಲ್ಲಿ ಮೊಣಕೈವರೆಗೆ ಕೈ ಹಾಕಿರುತ್ತಿದ್ದ. ಹಿತ್ತಾಳೆಯ ಅಡಕೊತ್ತು, ಮುಳ್ಳಿಲ್ಲದ ಗಡಿಯಾರ, ಯಾರದೋ ಮದುವೆಯ ಪನ್ನೀರುದಾನಿ. ಒಮ್ಮೆ ಒಂದು ಕಂದೀಲಿಗಾಗಿ ಬಸ್ಸನ್ನೇ ಕಾಯಿಸಿ ಮಂದಿಯಿಂದ ಬೈಸಿಕೊಂಡಿದ್ದ. ಆದರೂ ಕಂದೀಲು ಸಿಕ್ಕಿತಲ್ಲ ಎಂದು ಮುದ್ದೇಬಿಹಾಳ ಮುಟ್ಟುವವರೆಗೂ ನಗುತ್ತಲೇ ಇದ್ದ.

ಈ ಬಿಲ್ಲೆ ಸಿಕ್ಕಿದ್ದು ಬಾಗೇವಾಡಿಯಲ್ಲಿ, ಬೆಳ್ಳಿ ವ್ಯಾಪಾರಿ ಬಾಬುಲಾಲನ ಅಂಗಡಿಯಲ್ಲಿ. ಇನ್ನೊಂದು ಗಳಿಗೆ ತಡವಾಗಿದ್ದರೆ ಅದು ಕರಗಿಹೋಗುತ್ತಿತ್ತು. ಮೊದಲ ಹೆಂಡತಿ ತೀರಿಕೊಂಡರೆ ಅವಳ ಮುಖವನ್ನು ಬೆಳ್ಳಿ ತಗಡಿನಲ್ಲಿ ಮೂಡಿಸಿ ಎರಡನೆಯವಳ ಕೊರಳಿಗೆ ಕಟ್ಟುತ್ತಾರಲ್ಲ, ಅಂಥ ಬಿಲ್ಲೆ. ಹೊಸ ಸೀರೆಯನ್ನು ಮೊದಲು ಅದಕ್ಕೆ ತೋರಿಸಬೇಕು, ಆಮೇಲೆ ಉಡಬೇಕು. ಇಲ್ಲದಿದ್ದರೆ ಸತ್ತವಳು ಸುಮ್ಮನಿರುವುದಿಲ್ಲ ಎಂದು ನಂಬಿಕೆ. ಎರಡು ಕಣ್ಣು, ಒಂದು ಮೂಗು. ಯಾವ ಹೆಂಗಸಿನದಾದರೂ ಆಗಬಹುದಾದ ಮುಖ. ಹಿಂದುಗಡೆ ಮಾತ್ರ ಅಕ್ಕಸಾಲಿಗ ಸತ್ತವಳ ಹೆಸರು, ಬಾಗೇವಾಡಿ ಹತ್ತಿರದ ಅವಳ ಊರು ಕೊರೆದಿದ್ದ. ಸಿದ್ದರಾಯ ಹಿಗ್ಗಿನಿಂದ ಹೆಂಡತಿಗೆ ಓದಿ ಹೇಳಿದ್ದ: “ಸಾತವ್ವ. ಕೊಲ್ಹಾರ.”

ಅವಳ ಕೈಯಲ್ಲಿದ್ದ ತಾಟು ಕೆಳಗೆ ಬಿದ್ದಿತ್ತು.

“ಸತ್ತಾಕಿ ಮಾರಿ ಮನ್ಯಾಗ ಯಾಕ್ರಿ? ಎಲ್ಲಿಂದ ತಂದೀರಿ ಅಲ್ಲೇ ಕೊಟ್ಟು ಬರ್ರಿ.”

“ಬೆಳ್ಳಿ ಐತಿ ಹುಚ್ಚಿ, ದೆವ್ವ ಅಲ್ಲ.”

ರೇವವ್ವ ಹೆದರುಪುಕ್ಕಲಿಯಲ್ಲ. ಒಂಬತ್ತು ವರ್ಷದ ಹಿಂದೆ, ಅರವತ್ತೈದನೆಯ ಇಸವಿಯಲ್ಲಿ, ಸೊಲ್ಲಾಪುರದ ಓಣಿಯೊಂದರಲ್ಲಿ ಬೀಡಿ ಕಟ್ಟುತ್ತ ಒಬ್ಬಳೇ ಇದ್ದವಳು. ಹಿಂದೆ ಮುಂದೆ ಯಾರೂ ಇಲ್ಲ ಎಂದಳು. ಅವನೂ ಕೆದಕಲಿಲ್ಲ, ಗುಡಿಯಲ್ಲಿ ಎರಡು ಹಾರ ಹಾಕಿಕೊಂಡು ಕರೆತಂದ. ಅಂದಿನಿಂದ ಅವಳ ಮೇಲೆ ಅವನಿಗೆ ಜೀವ. ಒಂದೇ ಒಂದು ಕೊರಗು, ಅವಳು ಒಮ್ಮೆಯೂ ಅವನ ಬಸ್ಸು ಹತ್ತಿದವಳಲ್ಲ. ಬಾಗೇವಾಡಿ ತೋರಿಸುತ್ತೇನೆ ಬಾ ಎಂದರೆ ತಲೆ ತಿರುಗುತ್ತದೆ ಎನ್ನುತ್ತಿದ್ದಳು.

ಬಿಲ್ಲೆ ಬಂದಮೇಲೆ ಮನೆಯ ಸ್ವರೂಪವೇ ಬದಲಾಯಿತು. ಒಲೆಯ ಮೇಲೆ ಸಾರು ಸೀದರೂ ಅವಳಿಗೆ ಎಚ್ಚರವಿಲ್ಲ. ಬಾಗಿಲು ಸಪ್ಪಳವಾದರೆ ಬೆಚ್ಚಿಬೀಳುತ್ತಾಳೆ. ಒಂದು ಮಧ್ಯಾಹ್ನ ಅವನು ಬೇಗ ಬಂದಾಗ ರೇವವ್ವ ತಲೆ ತುಂಬ ಸೆರಗು ಹೊದ್ದು ಕಪಾಟಿನ ಮುಂದೆ ಕುಳಿತಿದ್ದಳು. ಬಿಲ್ಲೆಯ ಜೊತೆ ಮಾತು ನಡೆದಿತ್ತು. ದನಿ ಅವಳದಲ್ಲ ಎನಿಸಿತು.

“ಸಾತವ್ವಾ, ನಿನ್ನ ಯಾರು ಕೊಳ್ಳಾಗ ಕಟ್ಟಿಕೊಂಡಿದ್ರು? ಆಕಿ ಈಗ ಹ್ಯಾಂಗದಾಳ?”

ಸಿದ್ದರಾಯ ಬಂದ ಕಾಲಲ್ಲೇ ಹೊರಗೆ ಹೋದ. ನೆರೆಮನೆಯ ಲಕ್ಕವ್ವನಿಗೆ ಹೇಳಿದರೆ, “ಕೊಲ್ಹಾರದಾಕಿ ನಿನ್ನ ಹೇಂತಿ ಮೈಯಾಗ ಹೊಕ್ಕಾಳೋ, ಲಗೂನ ತಾಯಿತ ಕಟ್ಟಿಸು” ಎಂದಳು. ಮಂತ್ರ ಹಾಕುವ ಮೀರಾಸಾಬನ ಕಡೆಯಿಂದ ತಾಯಿತ ತಂದು ಕಟ್ಟಿದ. ಏನೂ ಆಗಲಿಲ್ಲ. ಬಿಲ್ಲೆಯನ್ನು ಕೊಟ್ಟುಬಿಟ್ಟರೆ ಮುಗಿಯಿತು ಎಂದು ಅವನಿಗೂ ಗೊತ್ತಿತ್ತು. ಆದರೆ ಇಂಥದ್ದು ಮತ್ತೊಂದು ಸಿಗುತ್ತದೆಯೇ? ಹೆಂಡತಿಗಿಂತ ಬಿಲ್ಲೆ ಹೆಚ್ಚಾಯಿತೇ ಎಂದು ನಾಚಿಕೆಯೂ ಆಯಿತು. ನಾಚಿಕೊಂಡೇ ಇಟ್ಟುಕೊಂಡ.

ಗುರುವಾರ ಅವನ ರಜೆ. ಊಟಕ್ಕೆ ಕೂಡುವ ಹೊತ್ತಿಗೆ ಹೊಸ್ತಿಲ ಹೊರಗೆ ಒಬ್ಬ ಹೆಂಗಸು ಬಂದು ನಿಂತಳು. ಬಗಲಲ್ಲಿ ಬಾಡಿದ ಕೂಸು. ಕೊರಳ ಸುತ್ತ ದಾರ ಕೊಯ್ದ ಗಾಯ, ಇನ್ನೂ ಮಾದಿರಲಿಲ್ಲ.

“ಕಂಡಕ್ಟರ್ ಸಿದ್ದರಾಯ ಅಂದ್ರ ನೀವೇನ್ರಿ? ನಾ ಶೇವಂತೆವ್ವರಿ, ಕೊಲ್ಹಾರದಾಕಿ. ಬಾಬುಲಾಲ ಶೇಟರು ನಿಮ್ಮ ಹೆಸರು ಹೇಳಿದ್ರು. ಆ ಬಿಲ್ಲಿ ನಂದ್ರಿ. ನನ್ನ ಗಂಡ ಕುಡ್ಯಾಕಂತ ಕೊಳ್ಳಾಂದು ಹರಕೊಂಡು ಹೋಗಿ ಮಾರ್ಯಾನ್ರಿ.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು.

“ಸಾತವ್ವ ನಮ್ಮ ಅಕ್ಕರಿ,” ಎಂದಳು ಶೇವಂತೆವ್ವ. “ನೀರಿಗೆ ಹೋದಾಕಿ ಹೊಳಿ ಪಾಲಾದ್ಲು. ಹೆಣಾನೂ ಸಿಗಲಿಲ್ಲ, ಬರೇ ಕೊಡ ಸಿಕ್ತು. ಆಮ್ಯಾಲ ನಮ್ಮಪ್ಪ ನನ್ನ ಅದ ಮನಿಗೆ ಕೊಟ್ಟ. ಬಿಲ್ಲಿ ಹೋದಾಗಿಂದ ಅಕ್ಕ ಸಿಟ್ಟಾಗ್ಯಾಳ್ರಿ. ಕೂಸು ಎಂಟು ದಿನ ಆತು, ನೆಟ್ಟಗ ಹಾಲ ಕುಡದಿಲ್ಲ. ಇದೂ ಹ್ವಾದ್ರ ನಾ ಬದುಕೂದಿಲ್ಲ.”

ಸಿದ್ದರಾಯ ಕಪಾಟಿನತ್ತ ಒಂದು ಹೆಜ್ಜೆ ಇಟ್ಟ. ಆದರೆ ಬಾಯಲ್ಲಿ ಬಂದದ್ದೇ ಬೇರೆ. “ಹೊಸಾದು ಮಾಡಿಸ್ಕೋ ತಂಗಿ. ಖರ್ಚು ನಾ ಕೊಡ್ತೇನಿ.”

“ಹೊಸಾದ್ರಾಗ ನಮ್ಮಕ್ಕ ಬರೂದಿಲ್ರಿ. ಆಕಿ ಅದರಾಗ ಅದಾಳ.”

ರೇವವ್ವ ಹೊರಗೆ ಬಂದಳು. ಕೈಯೆಲ್ಲ ಹಿಟ್ಟು, ತಲೆಯ ಮೇಲೆ ಸೆರಗಿಲ್ಲ. ಅವಳ ಮುಖ ನೋಡಿದ ಶೇವಂತೆವ್ವ ಕೂಸನ್ನು ಅವುಚಿಕೊಂಡು ಹೊಸ್ತಿಲಲ್ಲೇ ಕುಸಿದಳು.

“ಅದರಾಗ ಇಲ್ಲ, ಶೇವಂತಿ. ನಾ ಸತ್ತಿಲ್ಲ, ಅವನ ಹೊಡತ ತಾಳಲಾರದ ಓಡಿ ಬಂದೆ; ನನ್ನ ಜಾಗಾಕ್ಕ ನಿನ್ನ ಕೊಡ್ತಾರಂತ ನನಗ ಗೊತ್ತಿರಲಿಲ್ಲವ್ವ.”